ಹತ್ತರಲ್ಲಿ ಏಳು ತಂದವಳು

ನಾನು ಸತ್ತಿದ್ದರೆ ನಮ್ಮವ್ವ ಇಷ್ಟು ಅಳುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ನನ್ನ ಜೊತೆ ಬೆಳೆದ ಗೆಳತಿ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದ ಮುಂಜಾನೆ ನನ್ನ ಮನಸ್ಸಿಗೆ ಮೊದಲು ಬಂದದ್ದು ಈ ವಿಚಾರ. ಬರೆಯಬಾರದ ಮಾತು ಇದು. ಆದರೆ ಆಕೆಯ ಬಗ್ಗೆ ಬರೆಯಲು ಕೂತು ಮೂರು ಸಲ ಹಾಳೆ ಹರಿದಿದ್ದೇನೆ. ಮೂರು ಸಲವೂ ಒಳ್ಳೆಯ ಮಾತಿನಿಂದಲೇ ಶುರು ಮಾಡಿದ್ದೆ.

ಮರಾಠಿ ಸೀಮೆಗೆ ಸೇರಿದ ಉಟಗಿಯ ನಮ್ಮ ಕನ್ನಡ ಸಾಲೆಯವರು ಆಕೆಯ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದಾರೆ. ಅಲ್ಲಿಯ ಗುರುಗಳು ನನ್ನ ಗಂಡನ ಊರು ಯಳವಿಗೆ, ನಮ್ಮ ಮನೆಯ ತನಕ ಬಂದು, "ನೀವಿಬ್ರೂ ಒಂದ ಬೆಂಚಿನವ್ರು. ಎರಡ ಹಾಳಿ ಬರದ ಕೊಡ್ರಿ ಬಾಯಾರ" ಅಂದರು. ಆಕೆಯ ಸಂಶೋಧನೆಯ ಬಗ್ಗೆ, ಸಿಕ್ಕ ಮಾನಸನ್ಮಾನಗಳ ಬಗ್ಗೆ ಬರೆಯುವವರು ಬೇರೆ ಇದ್ದಾರೆ. ನಾನು ಹನ್ನೆರಡನೇ ಇಯತ್ತೆ ಮುಗಿಸಿ ಲಗ್ನವಾದವಳು, ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ನನಗೆ ಗೊತ್ತಿರುವುದು ಒಂದು ಮೊರ, ಒಂದು ಸುಣ್ಣದ ಡಬ್ಬಿ ಮತ್ತು ಆಕೆಯ ಮುರಿದ ಹಲ್ಲು. ಅಷ್ಟನ್ನೇ ಬರೆಯುತ್ತೇನೆ.

ಆಕೆ ಕುರಿಗಾರರ ಮಗಳು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಐದು ವರ್ಷದವಳಿದ್ದಾಗ ತಾಯಿ ತೀರಿಕೊಂಡಳು. ಅವರಪ್ಪ ದೀಪಾವಳಿ ಆದ ಮೇಲೆ ಕುರಿ ಹೊಡೆದುಕೊಂಡು ನದಿಯ ಕಡೆಗೆ ಹೋದರೆ ಮುಂಗಾರಿಗೇ ಊರು ಮುಟ್ಟುವುದು. ಆ ವರ್ಷ ಹೊರಡುವಾಗ ಮಗಳ ಕೈ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತ.

"ಅಕ್ಕಾರ, ಇದೊಂದ ಮರಿ ನಿಮ್ಮ ಹಂತ್ಯಾಕ ಇರಲಿ."

"ಇರಲಿ ಬಿಡಪಾ," ಅಂದಳು ನಮ್ಮವ್ವ. "ಎರಡ ರೊಟ್ಟಿ ಹೆಚ್ಚ ಬಡದ್ರ ಆತು."

ನಮ್ಮವ್ವ ಎರಡು ರೊಟ್ಟಿಗೆ ನಿಲ್ಲಲಿಲ್ಲ. ಮುಂಜಾನೆ ಹೆಣಿಕೆ ಹಾಕುವಾಗ ಮೊದಲು ಆಕೆಯ ತಲೆ, ಆಮೇಲೆ ನನ್ನದು. ಆಕೆಯ ಕೂದಲು ದಟ್ಟ, ಸಿಕ್ಕು ಹೆಚ್ಚು, ಹೊತ್ತು ಹಿಡಿಯುತ್ತಿತ್ತು. ನನ್ನದಕ್ಕೆ ಕೈ ಹಾಕುವಷ್ಟರಲ್ಲಿ ಸಾಲೆಯ ಗಂಟೆ ಆಗಿ, ನನಗೆ ಎರಡು ಎಳೆತದಲ್ಲಿ ಮುಗಿಯುತ್ತಿತ್ತು. ಕೌದಿಯೊಳಗೆ ಅವ್ವನ ಬಲಮಗ್ಗುಲು ನನ್ನದಾಗಿತ್ತು. "ಪರರ ಕೂಸು, ಅಂಜತೈತಿ" ಎಂದು ಅವ್ವ ಆಕೆಯನ್ನು ನಡುವೆ ಮಲಗಿಸಿಕೊಂಡಳು. ನಾನು ಗೋಡೆಯ ಕಡೆಗೆ ಸರಿದೆ. ಪರರ ಕೂಸಿನ ಅಂಜಿಕೆ ಹೋದ ಮೇಲೂ ಜಾಗ ಬದಲಾಗಲಿಲ್ಲ.

ಮೊದಮೊದಲು ನಮ್ಮವ್ವನನ್ನು ಕಾಕು ಅನ್ನುತ್ತಿದ್ದಳು. ಒಂದು ದಿನ ಉಣ್ಣುತ್ತ, "ಅವ್ವಾ, ಇನ್ನಷ್ಟ ಹಿಂಡಿ" ಅಂದಳು. ಬಾಯಿ ತಪ್ಪಿ ಬಂದದ್ದು. ನಮ್ಮವ್ವ ಅಗಸಿ ಹಿಂಡಿ ಹಾಕಿ ಮೇಲೆ ಎಣ್ಣೆ ಬಿಟ್ಟಳು. ಮರುದಿನದಿಂದ ಅವ್ವ ಎಂದೇ ಕರೆದಳು. ನಾನು ಆವತ್ತು ಅರ್ಧ ರೊಟ್ಟಿ ಬಿಟ್ಟು ಎದ್ದೆ. ಯಾಕೆ ಎಂದು ಯಾರೂ ಕೇಳಲಿಲ್ಲ.

ನೋಡಲು ಸಣ್ಣ ಆಳು. ಏನನ್ನಾದರೂ ಸೂಕ್ಷ್ಮವಾಗಿ ನೋಡುವಾಗ ಎಡಗಣ್ಣು ಅರ್ಧ ಮುಚ್ಚುತ್ತಿದ್ದಳು. ನಗು ಬಂದರೆ ಕೈ ಬಾಯಿಗೆ ಹೋಗುತ್ತಿತ್ತು. ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಕಬ್ಬು ಕಡಿಯುವಾಗ ಮುರಿಯಿತು ಎಂದು ಊರಿಗೆಲ್ಲ ಹೇಳಿದ್ದಳು. ದೊಡ್ಡವಳಾಗಿ, ನೌಕರಿ ಸೇರಿ, ಪುಣೆಯಲ್ಲಿ ಇರುವಾಗಲೂ ಅದನ್ನು ಸರಿ ಮಾಡಿಸಲಿಲ್ಲ. ನೂರಾರು ಜನರ ಮುಂದೆ ಮಾತನಾಡುವವಳು, ನಗುವಾಗ ಮಾತ್ರ ಉಟಗಿಯ ಹುಡುಗಿಯಂತೆ ಬಾಯಿಗೆ ಕೈ.

ಇನ್ನೊಂದು ಆಕೆಯ ಮಾತಿನ ರೂಢಿ. ಎಷ್ಟು ಎಂದು ಕೇಳಿದರೆ ಇಷ್ಟು ಅನ್ನುತ್ತಿರಲಿಲ್ಲ; ಕಂಡದ್ದು ಇಷ್ಟು ಅನ್ನುತ್ತಿದ್ದಳು. ನನ್ನ ಲಗ್ನದ ಮರುದಿನ ನನ್ನ ಗಂಡ, "ನಿಮ್ಮ ಊರ ಮಂದಿ ಎಷ್ಟ ಬಂದಿದ್ರವಾ ನಿನ್ನೆ?" ಎಂದು ಕೇಳಿದರು.

"ನಾ ಕಂಡವ್ರು ಇನ್ನೂರ ಹತ್ತು ಮಂದಿ ಮಾಮಾ."

"ಅಂದ್ರ ಇನ್ನೂರ ಹತ್ತ ಅನ್ನಲ್ಲ."

"ಚಪ್ಪರದ ಹಿಂದ ಕುಂತವ್ರು ನನಗ ಕಂಡಿಲ್ಲಲ್ರಿ. ನಾ ಹೆಂಗ ಅನ್ನಲಿ?"

ನನ್ನ ಗಂಡನಿಗೆ ಅದು ಎಷ್ಟು ಹಿಡಿಸಿತೆಂದರೆ ಇವತ್ತಿಗೂ ಎಷ್ಟು ರೊಟ್ಟಿ ಉಂಡಿರಿ ಎಂದು ಕೇಳಿದರೆ, "ಕಂಡದ್ದು ನಾಕು" ಅನ್ನುತ್ತಾರೆ. ನನ್ನ ಒಂದು ಮಾತನ್ನೂ ಅವರು ಹಾಗೆ ಎತ್ತಿಕೊಂಡಿಲ್ಲ.

ಈಗ ಮೊರದ ವಿಷಯ. ನಮ್ಮಪ್ಪನದು ಕಾಳುಕಡಿಯ ಅಂಗಡಿ. ಸುತ್ತಲಿನ ಊರುಗಳಲ್ಲಿ ಆ ಅಂಗಡಿಗೆ ಇದ್ದದ್ದು ಒಂದೇ ಹೆಸರು: ಅಲ್ಲಿಯ ಕಾಳಿನಲ್ಲಿ ಕಲ್ಲು ಸಿಗುವುದಿಲ್ಲ. ಆ ಹೆಸರು ಉಳಿಸುವ ಕೆಲಸ ನಮ್ಮವ್ವನದು, ಅವ್ವನ ಕೈಕೆಳಗೆ ನಾವಿಬ್ಬರು. ಸಾಲೆ ಬಿಟ್ಟು ಬಂದ ಮೇಲೆ ಅಂಗಳದಲ್ಲಿ ಕೂತು ಒಬ್ಬೊಬ್ಬರು ಒಂದೊಂದು ಬುಟ್ಟಿ ತೊಗರಿ ಹಸನ ಮಾಡಬೇಕು. ನಮ್ಮ ಕಡೆಯ ತೊಗರಿ ಕೆಂಪು, ಹೊಲದ ಕಲ್ಲೂ ಕೆಂಪು, ಗಾತ್ರವೂ ಹೆಚ್ಚುಕಡಿಮೆ ಒಂದೇ. ಹಸನ ಆಯಿತೋ ಇಲ್ಲವೋ ಎಂದು ಮೇಲಿಂದ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ.

ಅದಕ್ಕೆ ನಮ್ಮವ್ವ ಒಂದು ಉಪಾಯ ಮಾಡಿದ್ದಳು. ಹಳ್ಳದ ದಂಡೆಯಿಂದ ತೊಗರಿಯಂಥವೇ ಹತ್ತು ಕೆಂಪು ಹರಳು ಆರಿಸಿ ತಂದು ಹಳೆಯ ಸುಣ್ಣದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಬುಟ್ಟಿ ಕೊಡುವ ಮೊದಲು ಆ ಹತ್ತನ್ನೂ ಅದರಲ್ಲಿ ಬೆರೆಸಿಬಿಡುವಳು. ಹಸನ ಮಾಡಿ ತೆಗೆದ ಕಲ್ಲನ್ನೆಲ್ಲ ಅವ್ವನ ಅಂಗೈಗೆ ಹಾಕಬೇಕು. ಹಳ್ಳದ ಹರಳು ನೀರಲ್ಲಿ ಉರುಳಿ ನುಣುಪಾಗಿರುತ್ತದೆ, ಹೊಲದ ಕಲ್ಲು ಒರಟು. ಕಣ್ಣಿಗೆ ಆ ಭೇದ ಕಾಣದು. ಅವ್ವ ಬೆರಳಲ್ಲಿ ಮುಟ್ಟಿ ತನ್ನವನ್ನು ಬೇರೆ ಮಾಡಿ ಎಣಿಸುತ್ತಿದ್ದಳು. ಮೊದಲು ನನ್ನ ಸರದಿ, ಅದು ಮುಗಿದ ಮೇಲೆ ಆಕೆಯದು.

ಆಕೆ ಯಾವಾಗಲೂ ಏಳು ತರುತ್ತಿದ್ದಳು. ಒಮ್ಮೆ ಆರು, ಒಮ್ಮೆ ಎಂಟು, ಹೆಚ್ಚಾಗಿ ಏಳು.

"ನನ್ನವು ಹತ್ತರಾಗ ಏಳ ಬಂದಾವು ತಂಗೆವ್ವ," ಅನ್ನುವಳು ಅವ್ವ. "ಅಂದ್ರ ತೊಗರ್ಯಾಗಿನ ಕಲ್ಲೂ ಅದ ಪಾಲಿಗೆ ಬಂದಾವು. ಹತ್ತಕ್ಕ ಮೂರ ಒಳಗ ಉಳದಾವು. ಇನ್ನೊಮ್ಮಿ ನೋಡು."

ಆಕೆ ಮುಖ ಸಣ್ಣದು ಮಾಡದೆ ಮತ್ತೆ ಮೊರ ಹಿಡಿದು ಕೂರುತ್ತಿದ್ದಳು. ಎರಡನೆಯ ಸಲ, ಮೂರನೆಯ ಸಲ, ಹತ್ತೂ ಸಿಗುವ ತನಕ.

ನಾನು ಆರನೇ ಇಯತ್ತೆಯಿಂದ ಹತ್ತಕ್ಕೆ ಹತ್ತು ತರುತ್ತಿದ್ದೆ. ಒಂದು ದಿನವೂ ಒಂಬತ್ತಾಗಲಿಲ್ಲ. "ನಿಂದ ಆತು, ಚೀಲಕ್ಕ ಹಾಕು" ಅನ್ನುವಳು ಅವ್ವ. ಕೆಲವೊಮ್ಮೆ ಮನೆಗೆ ಬಂದವರೆದುರು, "ಕಣ್ಣಂದ್ರ ನಮ್ಮ ಹುಡುಗೀವು" ಎಂದು ನನ್ನ ಕಡೆ ತೋರಿಸುವಳು. ಆಕೆ ಇನ್ನೂ ಮೊರದ ಮುಂದೆ ಬಗ್ಗಿಕೊಂಡಿರುವಾಗ ನಾನು ಆಟಕ್ಕೆ ಓಡುತ್ತಿದ್ದೆ. ಹೆಣಿಕೆ ಆಕೆಯದು, ಕೌದಿಯ ನಡುಜಾಗ ಆಕೆಯದು, ಅವ್ವ ಎಂಬ ಹೆಸರೂ ಹೋಗಿತ್ತು. ಕಣ್ಣು ಮಾತ್ರ ನನ್ನದು. ಆ ಹತ್ತು ಹೇಗೆ ಬರುತ್ತಿದ್ದವು ಎಂಬುದನ್ನು ಮುಂದೆ ಹೇಳುತ್ತೇನೆ. ಹೇಳದೆ ಈ ಬರಹ ಮುಗಿಯುವುದಿಲ್ಲ.

ಆಕೆ ಕಲಿಯುತ್ತ ಹೋದಳು. ಜತ್ತ, ಸಾಂಗ್ಲಿ, ಪುಣೆ, ಆಮೇಲೆ ಕೆಲವು ವರ್ಷ ಪರದೇಶ. ಕನ್ನಡ ಸಾಲೆಯಿಂದ ಮರಾಠಿ ಕಾಲೇಜಿಗೆ ಹೋದಾಗ ನಾನು ಆರು ತಿಂಗಳು ಬಾಯಿ ಬಿಡಲಿಲ್ಲ. ಆಕೆ ಆರು ತಿಂಗಳಲ್ಲಿ ಮರಾಠಿಯಲ್ಲಿ ಜಗಳಾಡುವಷ್ಟು ಕಲಿತಿದ್ದಳು. ನನ್ನ ಎರಡನೆಯ ಬಾಣಂತನದ ಹೊತ್ತಿಗೆ ಆಕೆ ನಕ್ಷತ್ರಗಳ ಅಭ್ಯಾಸ ಮಾಡುತ್ತಾಳೆ ಎಂಬ ಸುದ್ದಿ ಊರಿಗೆ ಬಂತು. ರಜೆಗೆ ಬಂದರೆ ಜನ ಕುಂಡಲಿ ಹಿಡಿದು ಬರುವರು. "ನಾ ನೋಡೂ ಚಿಕ್ಕಿಗೆ ನಿಮ್ಮ ಮಗಳ ಲಗ್ನದ ಗೊಡವಿ ಇಲ್ರಿ" ಎಂದು ನಕ್ಕು ಚಹ ಕುಡಿಸಿ ಕಳಿಸುವಳು. ರಾತ್ರಿಯೆಲ್ಲ ಮಾಳಿಗೆಯ ಮೇಲೆ ಆಕಾಶ ನೋಡುತ್ತಾಳೆಂದು ಓಣಿಯ ಮಂದಿ ಅಂದುಕೊಂಡಿದ್ದರು. ಆಕೆ ಊಟವಾದ ಕೂಡಲೆ ಮಲಗಿ ಗೊರಕೆ ಹೊಡೆಯುತ್ತಿದ್ದಳು. ಚಿತ್ರ ತೆಗೆಯುವ ದುರ್ಬೀನು ಎಲ್ಲೋ ಇರುತ್ತದಂತೆ. ಈಕೆ ಹಗಲು ಹೊತ್ತು ಕಂಪ್ಯೂಟರಿನಲ್ಲಿ ಆ ಚಿತ್ರಗಳಲ್ಲಿಯ ಚುಕ್ಕಿಗಳನ್ನು ಒಂದೊಂದಾಗಿ ಅಳೆಯುವುದು.

ಒಂದು ಸಲ ಸುಗ್ಗಿಯಲ್ಲಿ ಬಂದಿದ್ದಾಗ ನಮ್ಮವ್ವ ಅಂಗಳದಲ್ಲಿ ಕೂಡಿಸಿಕೊಂಡು ಎಲ್ಲ ಬಿಡಿಸಿ ಕೇಳಿದಳು. ನಾನೂ ತವರಿಗೆ ಬಂದಿದ್ದೆ, ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಮಾತು ಕಿವಿಗೆ ಬೀಳುತ್ತಿತ್ತು.

"ಅಷ್ಟ ದೊಡ್ಡ ದೊಡ್ಡ ಚಿಕ್ಕಿ ಬಿಟ್ಟು ಸಣ್ಣವ್ನ ಯಾಕ ಹುಡುಕತಿ?"

"ದೊಡ್ಡವು ಎಲ್ಲಾರಿಗೂ ಕಾಣತಾವವ್ವಾ. ಊರಾಗ ಗೌಡ್ರು ಎಷ್ಟ ಮಂದಿ, ಉಳದವ್ರು ಎಷ್ಟ ಮಂದಿ? ಗೌಡ್ರನ ಅಷ್ಟ ಎಣಿಸಿದ್ರ ಊರ ಎಣಿಸಿದಂಗ ಆತೇನು? ದೊಡ್ಡವು ಲಗೂನ ಉರದ ಲಗೂನ ಸಾಯತಾವು. ಸಣ್ಣವು ಸಾವಕಾಶ ಹುಟ್ಟತಾವು, ಭಾಳ ದಿನ ಬದಕತಾವು. ಮುಗಲ ತುಂಬ ಅವ ಇರೂವು."

"ಎಲ್ಲದಾವು ಅವು? ತೋರಸು ನನಗ."

"ನಮ್ಮ ಊರಿಂದ ಕಾಣೂದಿಲ್ಲ. ದಕ್ಷಿಣಕ್ಕ, ಭೂಮಿ ಅಂಚಿಗೆ ಹೋಗಿ ಬಿಟ್ಟಾವು. ನಮ್ಮದು ಹೆಂಗ ಒಂದ ಚಿಕ್ಕಿ ಸಂಸಾರ ಐತಿ, ಅಲ್ಲಿ ಮಗ್ಗಲಕ ಇನ್ನೊಂದೆರಡ ಸಣ್ಣ ಸಂಸಾರ ಅದಾವು. ಗೆಲಾಕ್ಸಿ ಅಂತಾರ ಅವಕ್ಕ. ಮಗ್ಗಲ ಮನಿ ಅಂದಂಗ. ಅಲ್ಲಿ ನೆಲಾ ಬಡವ. ಎರಿ ಹೊಲದಾಗಿನ ಜ್ವಾಳಾ ಮಸಾರಿ ಹೊಲದಾಗ ಹಂಗ ಬರತೈತೇನು? ಬಡ ನೆಲದಾಗ ಸಣ್ಣ ಚಿಕ್ಕಿ ಹೆಂಗ ಹುಟ್ಟತಾವು, ಎಷ್ಟ ಹುಟ್ಟತಾವು, ಅದನ್ನ ನೋಡೂದ ನನ್ನ ಕೆಲಸ."

"ಹುಟ್ಟಿದ್ದ ನಿನಗ ಹೆಂಗ ತಿಳಿತೈತಿ?"

"ಹುಟ್ಟಿದ ಚಿಕ್ಕಿ ಸುತ್ತಲಿನ ಹೊಗಿ ಎಳಕೊಂಡ ಕುಡಕೋಂತ ಬೆಳಿತೈತಿ. ಕುಡಿಯೂ ಮುಂದ ಒಂದ ನಮೂನಿ ಕೆಂಪ ಬೆಳಕ ಬರತೈತಿ. ಅದರ ಮ್ಯಾಲಿಂದ ಗುರತ ಹಿಡಿತೀವಿ, ಇದಿನ್ನ ಹಾಲ ಕುಡಿಯೂ ಕೂಸು ಅಂತ."

ನಮ್ಮವ್ವ, "ಅಲ್ಲವಾ, ಮಗ್ಗಲ ಮನ್ಯಾಗ ಕೂಸ ಹುಟ್ಟಿದ್ರ ನಿನಗ್ಯಾಕ ಬೇಕ ಅದರ ಚಿಂತಿ?" ಅಂದಳು.

"ಮಗ್ಗಲ ಮನಿ ಕೂಸಿನ್ನ ನೀ ಎತ್ತಿಕೊಳ್ಳಲಿಲ್ಲೇನು?"

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡ ಸಪ್ಪಳ ಕೇಳಿಸಿತು. ಒಳಗೆ ಹಂಚಿನ ಮೇಲೆ ನನ್ನ ರೊಟ್ಟಿ ಸೀದಿತ್ತು. "ಏನ ನಾರತೈತಿ? ಲಕ್ಷ್ಯ ಎಲ್ಲೈತಿ ನಿಂದು?" ಎಂದು ಅವ್ವ ಹೊರಗಿನಿಂದಲೇ ನನ್ನನ್ನು ಬೈದಳು.

ಜತ್ತದ ಒಂದು ಕಾಲೇಜಿನಲ್ಲಿ ಆಕೆಯ ಭಾಷಣ ಇಟ್ಟದ್ದು ಅದಾದ ಕೆಲವು ವರ್ಷಕ್ಕೆ. ಅವ್ವನನ್ನು ಕರೆದುಕೊಂಡು ನಾನು, ನನ್ನ ಗಂಡ ಜೀಪಿನಲ್ಲಿ ಹೋದೆವು. ಮುಂದಿನ ಸಾಲಿನಲ್ಲೇ ಕೂಡಿಸಿದರು. ಆಕೆ ಮರಾಠಿಯಲ್ಲಿ ಶುರು ಮಾಡಿದವಳು ನಡುನಡುವೆ ನಮ್ಮವ್ವನ ಕಡೆ ನೋಡಿ ಕನ್ನಡಕ್ಕೆ ಬರುತ್ತಿದ್ದಳು. ಪರದೆಯ ಮೇಲೆ ಒಂದು ಚಿತ್ರ ಬಿಟ್ಟಳು. ರಾಗಿ ಚೆಲ್ಲಿದ ಹಾಗೆ ಚುಕ್ಕಿ. ದೊಡ್ಡ ಚುಕ್ಕಿಯ ಪ್ರಭೆಯಲ್ಲಿ ಪಕ್ಕದ ಸಣ್ಣದು ಮುಚ್ಚಿಹೋಗುತ್ತದೆ, ಎಣಿಸಿದ್ದು ಎಂದಿಗೂ ಪೂರ್ತಿ ಅಲ್ಲ ಅಂದಳು. ಹಾಗಾದರೆ ತಪ್ಪಿಸಿಕೊಂಡವು ಎಷ್ಟು ಎಂದು ತಿಳಿಯುವುದು ಹೇಗೆ? ಚಿತ್ರದೊಳಗೆ ನಾವೇ ಒಂದಿಷ್ಟು ಸುಳ್ಳು ಚುಕ್ಕಿ ಬೆರೆಸುತ್ತೇವೆ, ಆಮೇಲೆ ಏನೂ ಗೊತ್ತಿಲ್ಲದವರಂತೆ ಹುಡುಕುತ್ತೇವೆ, ಸುಳ್ಳು ಚುಕ್ಕಿ ಹತ್ತರಲ್ಲಿ ಏಳು ಸಿಕ್ಕರೆ ನಿಜವಾದವೂ ಅದೇ ಪಾಲಿನಲ್ಲಿ ಸಿಕ್ಕಿವೆ ಎಂದು ತಿಳಿಯುತ್ತೇವೆ ಅಂದಳು.

ಮುಂದಿನ ಮಾತು ನನಗೆ ಗೊತ್ತಿತ್ತು.

"ಇದನ್ನ ಎಲ್ಲಾರೂ ದೊಡ್ಡ ದೊಡ್ಡ ಪುಸ್ತಕದಾಗ ಓದತಾರ. ನಾ ಉಟಗಿ ಅಂಗಳದಾಗ ಕಲ್ತೆ. ಕಲಿಸಿದಾಕಿ ಇಲ್ಲೇ ಕುಂತಾಳ, ನಮ್ಮವ್ವ."

ಮೊರ, ಸುಣ್ಣದ ಡಬ್ಬಿ, ಹತ್ತು ಹರಳು, ತಾನು ಏಳು ತರುತ್ತಿದ್ದದ್ದು, ಎಲ್ಲ ಹೇಳಿದಳು. ಸಭೆ ಚಪ್ಪಾಳೆ ತಟ್ಟಿತು. ಅವ್ವನನ್ನು ಎಬ್ಬಿಸಿ ಶಾಲು ಹೊದಿಸಿದರು. ಹತ್ತು ತರುತ್ತಿದ್ದ ಹುಡುಗಿಯೊಬ್ಬಳು ಪಕ್ಕದಲ್ಲೇ ಕೂತು ಹಸನ ಮಾಡುತ್ತಿದ್ದಳು ಎಂಬುದು ಮಾತ್ರ ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕಾಲೇಜಿನ ಶಿಕ್ಷಕಿಯೊಬ್ಬರು ನಮ್ಮವ್ವನ ಕೈ ಹಿಡಿದುಕೊಂಡು ಮಗಳನ್ನು ಹೊಗಳಿ, ಆಮೇಲೆ ನನ್ನ ಕಡೆ ತಿರುಗಿ, "ನೀವು ಯಾರ್ರಿ?" ಎಂದರು.

"ಜೋಡಿ ಬಂದೀನ್ರಿ," ಅಂದೆ.

ಬರುವಾಗ ಜೀಪಿನಲ್ಲಿ ಅವ್ವ ಶಾಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚು ಸವರುತ್ತಿದ್ದಳು. ಆವತ್ತಿನಿಂದ ನಾಲ್ಕು ವರ್ಷ ಆಕೆಯೊಂದಿಗೆ ನಾನು ಮಾತು ಬಿಟ್ಟೆ. ರವಿವಾರ ರವಿವಾರ ಅವ್ವನಿಗೆ ಫೋನು ಮಾಡುತ್ತಿದ್ದಳು. ನಾನು ಅಲ್ಲಿದ್ದರೆ ಅವ್ವ ಫೋನು ನನ್ನ ಕಡೆ ಚಾಚುವಳು. "ಕೈ ಹಿಟ್ಟ ಆಗೇತಿ" ಅನ್ನುವೆ. ನಾಲ್ಕು ವರ್ಷ ನನ್ನ ಕೈ ಹಿಟ್ಟಿನಲ್ಲೇ ಇತ್ತು.

ಕಳೆದ ತೊಗರಿ ರಾಶಿಯ ಹೊತ್ತಿಗೆ ನಮ್ಮ ತಮ್ಮ ಉಟಗಿಯಿಂದ ಫೋನು ಮಾಡಿದ. "ಅಕ್ಕಾ, ಆಕಿ ಬಂದಾಳ. ಬ್ಯಾನಿ ದೊಡ್ಡದೈತಿ. ಡಾಕ್ಟರ್ ಇನ್ನ ಏನಿಲ್ಲ ಅಂದಾರಂತ. ಎಂಟ ದಿನ ಅವ್ವನ ಕೂಡ ಇರತೀನಿ ಅಂತಾಳ. ಸಿಟ್ಟ ಬಿಟ್ಟ ಬಾ." ಮರುದಿನ ಎಸ್‌ಟಿ ಬಸ್ಸು ಹಿಡಿದು ಹೋದೆ.

ಗೋಡೆಗೆ ಒರಗಿ ಬಿಸಿಲಲ್ಲಿ ಕೂತಿದ್ದಳು. ಆ ದಟ್ಟ ಕೂದಲು ಒಂದೂ ಇರಲಿಲ್ಲ. ತಲೆಗೆ ಅವ್ವನ ಹಳೆಯ ಸೀರೆಯ ತುಂಡು ಸುತ್ತಿತ್ತು. ಅದನ್ನು ನೋಡಿ ಮರುಗಿದ್ದು ನಿಜ. ಅವ್ವನ ಸೀರೆ ಆಕೆಯ ತಲೆಗೇ ಹೋಯಿತಲ್ಲ ಅನ್ನಿಸಿದ್ದೂ ನಿಜ.

"ಕೈ ತೊಳಕೊಂಡಿಯೇನ ಬೇ?" ಅಂದಳು, ಬಾಯಿಗೆ ಕೈ ಇಟ್ಟು ನಗುತ್ತ.

ಮೂರನೆಯ ದಿನ ಮಧ್ಯಾಹ್ನ ಅವ್ವ ಒಳಗೆ ಮಲಗಿದ್ದಳು. ನಾನು ಮೊರದಲ್ಲಿ ತೊಗರಿ ಹಾಕಿಕೊಂಡು ಕೂತೆ. ಆಕೆ ಸರಿದು ಬಂದು ಎದುರಿಗೆ ಕೂತು, ಎಡಗಣ್ಣು ಅರ್ಧ ಮುಚ್ಚಿ, ಒಂದೊಂದು ಕಲ್ಲು ತೆಗೆಯತೊಡಗಿದಳು. ನಾಲ್ಕು ವರ್ಷದ ಮಾತು ನನ್ನ ಬಾಯಿಂದ ಬಂದುಬಿಟ್ಟಿತು.

"ಜತ್ತದಾಗ ನನ್ನ ಹೆಸರ ಯಾಕ ತಗೀಲಿಲ್ಲ?"

"ಇನ್ನೂ ಅಲ್ಲೇ ನಿಂತೀಯೇನ?"

"ಹತ್ತಕ್ಕ ಹತ್ತ ತಂದಾಕಿ ನಾ. ಒಂದ ಮಾತ ಅಂದಿದ್ರ ನಿಂದೇನ ಹೋಗತಿತ್ತು?"

ಆಕೆ ತಲೆ ಎತ್ತಲಿಲ್ಲ. "ಅಂದಿದ್ರ ಪೂರಾ ಅನ್ನಬೇಕಾಗತಿತ್ತು."

"ಪೂರಾ ಅಂದ್ರ?"

"ಸುಳ್ಳ ಚಿಕ್ಕಿ ಬೆರಸೂದಕ್ಕ ಒಂದ ನೇಮ ಐತಿ. ಹುಡುಕೂವ್ರಿಗೆ ಅದರ ಗುರತ ಇರಬಾರದು. ಗುರತ ಇದ್ರ ಹತ್ತಕ್ಕ ಹತ್ತ ಸಿಗತಾವು. ಖರೇವು ಮಾತ್ರ ಒಳಗ ಉಳಿತಾವು. ಇದನ್ನ ನಾ ಅವ್ವನ ಕಡೆ ಕಲೀಲಿಲ್ಲ. ನಿನ್ನ ಕಡೆ ಕಲ್ತೆ."

ನನ್ನ ಕೈ ನಿಂತಿತು.

ಇನ್ನು ಹೇಳಬೇಕು. ಆರನೇ ಇಯತ್ತೆಯಲ್ಲಿ ಒಂದು ದಿನ ಅವ್ವ ಹೊಲಕ್ಕೆ ಹೋದಾಗ ನಾನು ಗೋಡೆಯ ಮಾಡದಿಂದ ಆ ಸುಣ್ಣದ ಡಬ್ಬಿ ಇಳಿಸಿದ್ದೆ. ಹತ್ತು ಹರಳನ್ನೂ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಒಂದೊಂದರ ಮುಖ ನೋಡಿದೆ. ಒಂದಕ್ಕೆ ಬಿಳಿ ಗೆರೆ, ಒಂದಕ್ಕೆ ಕರಿ ಮಚ್ಚೆ, ಒಂದು ಮೆಳ್ಳಗಣ್ಣಿನಂತೆ, ಒಂದು ಮುರಿದ ಮೂಗಿನಂತೆ. ಸಾಲೆಯ ಪಾಠ ನನಗೆ ಬಾಯಿಪಾಠ ಬರುತ್ತಿರಲಿಲ್ಲ. ಆ ಹತ್ತು ಬಂದವು. ಆಮೇಲೆ ಮೊರ ಹಿಡಿದರೆ ನಾನು ಹುಡುಕುತ್ತಿದ್ದದ್ದು ಕಲ್ಲನ್ನಲ್ಲ, ಆ ಹತ್ತು ಮುಖಗಳನ್ನು. ಅವು ಸಿಕ್ಕ ಮೇಲೆ ನನ್ನ ಕಣ್ಣು ಮತ್ತೇನನ್ನೂ ನೋಡುತ್ತಿರಲಿಲ್ಲ. ಎದುರಿಗಿದ್ದ ನಾಲ್ಕು ಹೊಲದ ಕಲ್ಲನ್ನು ಸುಮ್ಮನೆ ಜೊತೆಗೆ ಎತ್ತಿ ಹಾಕಿ ಅವ್ವನ ಅಂಗೈಗೆ ಕೊಟ್ಟು ಓಡುತ್ತಿದ್ದೆ.

"ಯಾವಾಗ ಗೊತ್ತಾತ ನಿನಗ?"

ಆಕೆ ನಕ್ಕಳು. ಕೈ ಬಾಯಿಗೆ ಹೋಗಲಿಲ್ಲ. ಅಷ್ಟು ವರ್ಷದಲ್ಲಿ ಆ ಹಲ್ಲನ್ನು ನಾನು ಪೂರ್ತಿ ಕಂಡದ್ದು ಆವತ್ತೇ.

"ಇದು ಕಬ್ಬಲ್ಲ. ನೀ ಹಸನ ಮಾಡಿದ ತೊಗರಿ."

ಅಂಥದ್ದೊಂದು ದಿನ ನೆನಪಿಗೆ ಬಂತು. ತೊಗರಿಕಾಳಿನ ಪಲ್ಯ ಉಣ್ಣುತ್ತ ಕೂತವಳು ತಟ್ಟನೆ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಹೋಗಿದ್ದಳು. ಸಂಜೆ ರಕ್ತ ಒಣಗಿದ ತುಟಿಯಲ್ಲಿ ಬಂದು ಯಾರೋ ಕಬ್ಬು ಕೊಟ್ಟಿದ್ದರು ಅಂದಿದ್ದಳು.

"ಅವ್ವಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನಗ ಏನ ಉಳೀತಿತ್ತು? ಕೌದ್ಯಾಗಿನ ಜಾಗಾ ನಾ ತಗೊಂಡಿದ್ದೆ. ನಿನಗ ಆ ಹತ್ತ ಇದ್ದು. ಅವಾದ್ರೂ ಇರಲಿ ಅಂದೆ."

ಬೇರೆ ಯಾರಾದರೂ ಆಗಿದ್ದರೆ ಆಕೆಯ ಕೈ ಹಿಡಿದು ಅಳುತ್ತಿದ್ದರು. ನನಗೆ ಬಂದದ್ದು ಅಳು ಅಲ್ಲ. ಇದರಲ್ಲೂ ಈಕೆಯೇ ಗೆದ್ದಳಲ್ಲ ಎಂದು ಹೊಟ್ಟೆ ಉರಿಯಿತು. ಹನ್ನೊಂದು ವರ್ಷದ ಹುಡುಗಿ ಮುರಿದ ಹಲ್ಲು ಬಾಯಲ್ಲಿಟ್ಟುಕೊಂಡು ಅಷ್ಟು ವಿಚಾರ ಮಾಡಿದ್ದಳು. ನಾನು ನಲವತ್ತು ದಾಟಿದವಳು ಒಂದು ಚಪ್ಪಾಳೆಗಾಗಿ ನಾಲ್ಕು ವರ್ಷ ಮಾತು ಬಿಟ್ಟಿದ್ದೆ. ಅದನ್ನೇ ಅಂದೆ. "ನಿನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ಮೊದಲಿನಿಂದ. ಈಗೂ."

"ನನಗೂ ಇತ್ತು," ಅಂದಳು.

"ನಿನಗೇನ ಕಡಿಮಿ ಆಗಿತ್ತು?"

"ಅವ್ವ ನಿನಗ ಬೈತಿದ್ದಳು." ಒಂದು ಕಲ್ಲು ತೆಗೆದು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟಳು. "ರೊಟ್ಟಿ ಸೀದ್ರ ಬೈತಿದ್ದಳು, ಲಗೂನ ಏಳದಿದ್ರ ಬೈತಿದ್ದಳು. ನನಗ ಒಂದ ದಿನಾನೂ ಬೈಲಿಲ್ಲ. ಎಷ್ಟ ಸಲ ಬೇಕಂತ ತಪ್ಪ ಮಾಡೀನಿ. 'ಇರಲಿ ಬಿಡವಾ' ಅಂತಿದ್ದಳು. ಪರರ ಕೂಸಿಗೆ ಅನ್ನೂವಂಗ."

ಇಬ್ಬರೂ ಆ ಬುಟ್ಟಿ ಮುಗಿಸಿದೆವು.

ಪುಣೆಗೆ ಹೊರಡುವ ಹಿಂದಿನ ದಿನ ಮುಂಜಾನೆ ಆಕೆ ನನ್ನ ಹೆಗಲು ಹಿಡಿದುಕೊಂಡು ಹಳ್ಳದ ತನಕ ನಡೆದಳು. ನನ್ನನ್ನು ದಂಡೆಯ ಮೇಲೆ ನಿಲ್ಲಿಸಿ, "ಅತ್ತಾಗ ಹೊಳ್ಳಿ ನಿಲ್ಲು" ಅಂದಳು. ಬಹಳ ಹೊತ್ತಾಯಿತು. ತಿರುಗಿ ಬರುವಾಗ ಮುಷ್ಟಿ ಕಟ್ಟಿತ್ತು. ಮನೆಗೆ ಬಂದು ಸುಣ್ಣದ ಡಬ್ಬಿಯಲ್ಲಿಯ ಹಳೆಯ ಹತ್ತನ್ನು ತನ್ನ ಚೀಲಕ್ಕೆ ಹಾಕಿಕೊಂಡು, ಹೊಸ ಹತ್ತನ್ನು ತುಂಬಿ ಮುಚ್ಚಳ ಒತ್ತಿ ಅವ್ವನ ಕೈಗೆ ಕೊಟ್ಟಳು.

"ಅವು ನನಗಿರಲಿ. ಇವು ಹೊಸಾವು," ಅಂದಳು ನನಗೆ. "ನಿನಗ ಗುರತಿಲ್ಲ. ಇನ್ನ ಮ್ಯಾಲ ಚಲೋತ್ನಂಗ ಹಸನ ಮಾಡು."

ಅದೇ ಕೊನೆಯ ಭೆಟ್ಟಿ. ಪುಣೆಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಲ್ಲಿಯೇ ಎಲ್ಲ ಮುಗಿಯಿತು. ಅವರಪ್ಪ ಮೊದಲೇ ಹೋಗಿದ್ದ. ಹನ್ನೊಂದನೆಯ ದಿನದ ಕಾರ್ಯ ಉಟಗಿಯಲ್ಲಿ ಅವರ ಕಾಕಾನ ಮನೆಯಲ್ಲಿ ಇಟ್ಟುಕೊಂಡರು. ಅಡಿಗೆಗೆ ಎಲ್ಲ ಅವರೇ ತರಿಸಿದ್ದರು. ನಮ್ಮವ್ವ ಮಾತ್ರ ಹಟ ಹಿಡಿದಳು. "ಕಾಳು ನಮ್ಮ ಮನೀವ ಆಗಬೇಕು."

ಹಿಂದಿನ ದಿನ ನಾನು ಅಂಗಳದಲ್ಲಿ ಮೊರ ಹಿಡಿದು ಕೂತೆ. ಅವ್ವನ ಎರಡೂ ಕಣ್ಣಿಗೆ ಈಗ ಮೋತಿಬಿಂದುವಿನ ಪೊರೆ. ಒಳಗಿನಿಂದ ಗೋಡೆ ಸವರುತ್ತ ಬಂದಳು. ಕೈಯಲ್ಲಿ ಸುಣ್ಣದ ಡಬ್ಬಿ. ಮುಚ್ಚಳ ತೆಗೆದು ನನ್ನ ಬುಟ್ಟಿಗೆ ಸುರಿದು ಕೈಯಾಡಿಸಿದಳು.

"ಈ ವಯಸ್ಸಿನ್ಯಾಗೂ ಪರೀಕ್ಷೆಯೇನವ್ವಾ?"

"ಆಕಿ ದಿನದ ಊಟಕ್ಕ ಕಲ್ಲ ಬರಬಾರದು."

ನಾನು ಹುಡುಕಿದೆ. ಕನ್ನಡಕ ಹಾಕಿಕೊಂಡು, ಮೊರವನ್ನು ಬೆಳಕಿಗೆ ತಿರುಗಿಸಿಕೊಂಡು, ಒಂದೊಂದು ಹಿಡಿ ಸರಿಸಿ ಹುಡುಕಿದೆ. ಯಾವುದರ ಮುಖವೂ ನನಗೆ ಗೊತ್ತಿರಲಿಲ್ಲ. ಎಲ್ಲವೂ ಕೆಂಪು, ಎಲ್ಲವೂ ತೊಗರಿ. ಸ್ವಲ್ಪ ಹೊತ್ತಿನ ಮೇಲೆ ನನ್ನ ಎಡಗಣ್ಣು ತಾನಾಗಿಯೇ ಅರ್ಧ ಮುಚ್ಚಿಕೊಂಡಿದೆ ಎಂದು ತಿಳಿಯಿತು. ಬುಟ್ಟಿ ಮುಗಿದ ಮೇಲೆ ಸಿಕ್ಕ ಕಲ್ಲನ್ನೆಲ್ಲ ಅವ್ವನ ಅಂಗೈಗೆ ಹಾಕಿದೆ.

ಅವ್ವ ಬೆರಳಲ್ಲಿ ಒಂದೊಂದನ್ನು ಸವರಿ ನುಣುಪಾದದ್ದನ್ನು ಬೇರೆ ಇಟ್ಟಳು. ಎಣಿಸಿದಳು. ಮತ್ತೆ ಎಣಿಸಿದಳು.

"ಆರು?"

"ಕಂಡದ್ದು ಆರವ್ವಾ."

ಅವ್ವ ಆ ಆರನ್ನು ಅಂಗೈಯಲ್ಲಿ ಹಿಡಿದುಕೊಂಡು, "ಆಕಿ ಏಳ ತರತಿದ್ದಳು" ಅಂದಳು.

ಚುಚ್ಚಿತು. ಯಾವಾಗಲೂ ಚುಚ್ಚುತ್ತಿದ್ದ ಜಾಗದಲ್ಲೇ ಚುಚ್ಚಿತು. ಏನೋ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನ ದನಿ ಏರಿತು.

"ಲಕ್ಷ್ಯ ಎಲ್ಲೈತಿ ನಿಂದು? ಇಷ್ಟ ದೊಡ್ಡಾಕಿ ಆಗಿ ಒಂದ ಬುಟ್ಟಿ ತೊಗರಿ ನೆಟ್ಟಗ ಹಸನ ಮಾಡಾಕ ಬರವಲ್ದು. ಮಂದಿ ಹಲ್ಲ ಮುರೀಬೇಕೇನ ನಾಳೆ? ಹಿಡಿ ಮೊರಾ. ಇನ್ನೊಮ್ಮಿ ನೋಡು."

ನಾನು ಮೊರವನ್ನು ತೊಡೆಯ ಮೇಲೆ ಎಳೆದುಕೊಂಡೆ. ಒಳಗೆ ಇನ್ನೂ ನಾಲ್ಕಿದ್ದವು.